ಹತ್ತಿಯ ಹಿಮ, ನಿಜದ ಹಿಮ

ನಮ್ಮ ಮಗಳು ಹೋಗುವ ಪ್ರಿಸ್ಕೂಲು ಒಂದು ಲುಥೆರನ್ ಚರ್ಚಿನ ಬೇಸ್‌ಮೆಂಟಿನಲ್ಲಿದೆ. ಮಿನಿಯಾಪೊಲಿಸ್ ಸುತ್ತಮುತ್ತ ಇದೇನೂ ವಿಶೇಷವಲ್ಲ. ಎಲ್ಲಿ ನೋಡಿದರೂ ಲುಥೆರನ್ ಚರ್ಚುಗಳೇ. ಭಾನುವಾರ ಬಿಟ್ಟು ಉಳಿದ ದಿನ ಖಾಲಿ ಬಿದ್ದಿರುವ ಕೋಣೆಗಳಲ್ಲಿ ಸಣ್ಣ ಮಕ್ಕಳ ಶಾಲೆ ನಡೆಸುವುದು ಇಲ್ಲಿ ಮಾಮೂಲು. ನಾವು ಸೇರಿಸಿದ್ದಕ್ಕೆ ಕಾರಣ ಧರ್ಮವೂ ಅಲ್ಲ, ಅಧರ್ಮವೂ ಅಲ್ಲ. ಮನೆಯಿಂದ ಐದು ನಿಮಿಷ, ಫೀಸು ಕೈಗೆಟುಕುವಂಥದ್ದು, ಮಕ್ಕಳನ್ನು ಕೂರಿಸಿ ಎಬಿಸಿಡಿ ತಿದ್ದಿಸಲ್ಲ. "ಇಲ್ಲಿ ಆಟವೇ ಪಾಠ" ಅಂತ ಮೊದಲ ದಿನವೇ ಹೇಳಿದ್ದರು. ಎಲ್‌ಕೆಜಿಗೇ ಹೋಮ್‌ವರ್ಕ್ ಕೊಡುವ ಬೆಂಗಳೂರಿನ ಶಾಲೆಗಳ ಕತೆ ಕೇಳಿ ಕೇಳಿ ಸುಸ್ತಾಗಿದ್ದ ನನಗೆ ಆ ಒಂದು ಮಾತೇ ಸಾಕಾಗಿತ್ತು. ಆಟವೇ ಪಾಠವಾದ ಮೇಲೆ ಅದು ಆಟವಾಗಿ ಉಳಿಯುತ್ತಾ ಅನ್ನುವ ಪ್ರಶ್ನೆ ಎದ್ದದ್ದು ಈ ಜನವರಿಯಲ್ಲಿ.

ಜನವರಿ ಪೂರ್ತಿ ಅವರಿಗೆ ಚಳಿಗಾಲದ ಥೀಮ್. ಮಿನೆಸೋಟಾದ ಮಕ್ಕಳಿಗೆ ಚಳಿಗಾಲದ ಬಗ್ಗೆ ಪ್ರತ್ಯೇಕ ಪಾಠ ಬೇಕಾ ಅಂತ ನಿಮಗೆ ಅನ್ನಿಸಬಹುದು. ಹೊರಗೆ ಮೈನಸ್ 20 ಡಿಗ್ರಿ. ಸ್ನೋ ಪ್ಯಾಂಟು, ಬೂಟು, ಟೊಪ್ಪಿ, ಕೈಗವಸು ಎಲ್ಲ ಹಾಕಿಸಿ ಮುಗಿಸುವಷ್ಟರಲ್ಲಿ ಒಬ್ಬಳಿಗೆ ಬಾತ್‌ರೂಮಿಗೆ ಹೋಗಬೇಕಾಗಿರುತ್ತೆ. ಆದರೆ ತಿಂಗಳಿಗೊಂದು ದಿನ ಅಪ್ಪ ಅಮ್ಮಂದಿರು ಕ್ಲಾಸಿಗೆ ಸಹಾಯಕ್ಕೆ ಹೋಗುವ ಪದ್ಧತಿ ಇದೆ. ನನ್ನ ಸರದಿ ಬಂದಾಗ ನೋಡಿದೆ. ನಿಜಕ್ಕೂ ಖುಷಿಯಾಯಿತು.

ಒಂದು ಮೇಜಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಟಬ್ಬಿನ ತುಂಬ ಹೊರಗಿಂದ ತಂದ ಹಿಮ. ಮಕ್ಕಳ ಕೈಯಲ್ಲಿ ಡ್ರಾಪರ್, ಬಟ್ಟಲುಗಳಲ್ಲಿ ಬಣ್ಣದ ನೀರು. ಇನ್ನೊಂದು ಕಡೆ ಐಸ್ ನೀರಿನ ಬೋಗುಣಿ. ಎರಡು ಜಿಪ್ ಕವರುಗಳ ನಡುವೆ ನಮ್ಮ ಡಾಲ್ಡಾ ಥರದ ಕೊಬ್ಬು ತುಂಬಿ ಗವಸು ಮಾಡಿದ್ದರು. ಒಂದು ಕೈಗೆ ಆ ಗವಸು, ಇನ್ನೊಂದು ಬರಿಗೈ, ಎರಡನ್ನೂ ಒಟ್ಟಿಗೆ ನೀರಿಗೆ ಅದ್ದಬೇಕು. ಸೀಲ್ ಪ್ರಾಣಿಗೆ ಯಾಕೆ ಚಳಿಯಾಗಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. (ಪೆಂಗ್ವಿನ್ನೂ ಹಿಮಕರಡಿಯೂ ಒಂದೇ ಮೇಜಿನ ಮೇಲೆ ನೆರೆಹೊರೆಯವರಾಗಿದ್ದವು. ದಕ್ಷಿಣ ಧ್ರುವ, ಉತ್ತರ ಧ್ರುವ ಅಂತ ನಾನು ಅಲ್ಲಿ ತಕರಾರು ತೆಗೆಯಲಿಲ್ಲ.)

ಎಲ್ಲಕ್ಕಿಂತ ಗಲಾಟೆ ಇದ್ದದ್ದು ಮಂಜುಗಡ್ಡೆಯ ಮೇಜಿನ ಹತ್ತಿರ. ಹಿಂದಿನ ರಾತ್ರಿ ಟೀಚರ್ ಪ್ಲಾಸ್ಟಿಕ್ ಪ್ರಾಣಿಗಳನ್ನು ನೀರಲ್ಲಿ ಹಾಕಿ ಫ್ರೀಜ್ ಮಾಡಿದ್ದರು. ಈಗ ಅವುಗಳನ್ನು ಹೊರಗೆ ತೆಗೆಯಬೇಕು. ಒಬ್ಬ ಚಮಚದಲ್ಲಿ ಕುಟ್ಟಿದ. ಒಬ್ಬಳು ಉಸಿರು ಬಿಟ್ಟಳು. ನನ್ನ ಮಗಳು ಉಪ್ಪು ಕೇಳಿದಳು. ರಸ್ತೆಗೆ ಉಪ್ಪು ಸುರಿಯುವ ಲಾರಿ ದಿನಾ ನೋಡ್ತಾಳಲ್ಲ! ಬೆಚ್ಚಗಿನ ನೀರು ಹಾಕಿದವನ ಆನೆ ಅವಳ ಜಿರಾಫೆಗಿಂತ ಮೊದಲೇ ಹೊರಬಂತು, ಅವಳಿಗೆ ಸಿಟ್ಟು ಬಂತು. ಟೀಚರ್ ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಮಾತಾಡುತ್ತಿದ್ದದ್ದು ಮಂಜುಗಡ್ಡೆ. ಹೌದು, ಇಲ್ಲ, ಇನ್ನೂ ಸ್ವಲ್ಪ ಅಂತ ಉತ್ತರ ಕೊಡುತ್ತಿದ್ದದ್ದು ಅದು.

ತಿಂಗಳ ಮೂರನೇ ವಾರ ಮನೆಗೆ ಬಂದದ್ದು ಕಾಗದದ ಒಂದು ಹೃದಯ. ಅದರ ಮೇಲೆ ಮಕ್ಕಳು ಕಪ್ಪು ಕ್ರೇಯಾನಿನಲ್ಲಿ ಗೀಚಿದ್ದರು. ಅವು ನಾವು ಮಾಡಿದ ತಪ್ಪುಗಳಂತೆ. ಮೇಲೆ ಅಂಟು ಹಚ್ಚಿ ಹತ್ತಿ ಮೆತ್ತಿದ್ದರು. ಅದು ಹಿಮ, ಅಂದರೆ ದೇವರ ಕ್ಷಮೆ. ಬೈಬಲಿನ ಯೆಶಾಯನ ಪುಸ್ತಕದಲ್ಲಿ ಪಾಪ ಹಿಮದ ಹಾಗೆ ಬೆಳ್ಳಗಾಗುವ ಹೋಲಿಕೆ ಬರುತ್ತೆ, ಅದನ್ನು ಹಿಡಿದು ಮಾಡಿಸಿದ ಕ್ರಾಫ್ಟು. ಆಮೇಲೆ ಆ ಭಾಗ ಓದಿ ನೋಡಿದೆ. ಅಲ್ಲಿ ಪಾಪದ ಬಣ್ಣ ಕೆಂಪು. ಪ್ರಿಸ್ಕೂಲಿನ ಕ್ರೇಯಾನ್ ಡಬ್ಬಿಗೆ ಬರುವಷ್ಟರಲ್ಲಿ ಅದು ಕಪ್ಪಾಗಿತ್ತು.

ಆ ಸಂಜೆ ಮಗಳು ದೇವರ ಗೂಡಿನ ಮುಂದೆ ನಿಂತು ಅವಳಮ್ಮನನ್ನು ಕೇಳಿದಳು: "ಅಮ್ಮಾ, ಕೃಷ್ಣ ಕಪ್ಪಗಿರೋದು ಬೆಣ್ಣೆ ಕದ್ದಿದ್ದಕ್ಕಾ?"

ನಕ್ಕೆವು, ಇಲ್ಲ ಅನ್ನಲ್ಲ. ಪುರಂದರದಾಸರಿಗೂ ಹೊಳೆಯದ ತರ್ಕ ಅಂತ ಊರಿನ ವಾಟ್ಸಾಪ್ ಗ್ರೂಪಿಗೂ ಹಾಕಿದೆವು. ಆದರೆ ಆ ವಾರ ಅವಳ ಚಿತ್ರಗಳಲ್ಲಿ ಕಪ್ಪು ಕ್ರೇಯಾನ್ ಕಾಣಲಿಲ್ಲ. ಎಲ್ಲರ ಕೂದಲೂ ಹಳದಿ. ಅವಳದ್ದು, ನನ್ನದು, ಬಸವನಗುಡಿಯ ಅಜ್ಜಿಯದ್ದು, ಎಲ್ಲಾ. "ಕಪ್ಪು ಯಾಕೆ ಬೇಡ ಪುಟ್ಟಿ?" ಅಂದರೆ "ಅದು ಬ್ಯಾಡ್ ಕಲರ್" ಅಂದಳು. ಕೃಷ್ಣ ಅನ್ನುವ ಮಾತಿನ ಅರ್ಥವೇ ಕಪ್ಪು ಅಂತ ನಾಲ್ಕು ವರ್ಷದವಳಿಗೆ ನಿಘಂಟು ತೆರೆದು ವಿವರಿಸೋಕಾಗುತ್ತಾ? ಇಡೀ ಕ್ಲಾಸಿನಲ್ಲಿ ಕಪ್ಪು ಕೂದಲಿನವರು ಮೂರೇ ಜನ.

"ನಾಳೆನೇ ಹೋಗಿ ಹೇಳಿ" ಅಂದಳು ಹೆಂಡತಿ. ಸರಿ, ಏನಂತ ಹೇಳಲಿ? "ಆಟದ ಹೆಸರಲ್ಲಿ ನಿಮ್ಮ ಧರ್ಮ ತುರುಕಬೇಡಿ" ಅನ್ನುವುದು ಸುಲಭ. ಆದರೆ ಜನ್ಮಾಷ್ಟಮಿಗೆ ಬಾಗಿಲಿಂದ ದೇವರ ಮನೆವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಪುಟ್ಟ ಹೆಜ್ಜೆ ಮೂಡಿಸಿ ಇವಳಿಗೆ ಕೃಷ್ಣ ಬಂದ ಅಂತ ತೋರಿಸಿದವರು ನಾವೇ. ದಸರಾಕ್ಕೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಯ ಜೊತೆ ಅವಳ ಬಾರ್ಬಿಯನ್ನೂ ಇಟ್ಟು ಆಡಿಸಿದ್ದೇವೆ. ನಂಬಿಕೆಯನ್ನು ಆಟದಲ್ಲಿ ಸುತ್ತಿ ಕೊಡದ ಮನೆ ಯಾವುದು? ಚರ್ಚೂ ಬೇಡ, ಗುಡಿಯೂ ಬೇಡ ಅನ್ನುವವರ ಮನೆಯಲ್ಲೂ 2013ರಿಂದ 'ಫ್ರೋಜನ್' ಸಿನಿಮಾದ ಎಲ್ಸಾ ಕೂತಿದ್ದಾಳೆ. ಹಿಮ ಅಂದರೆ ಬಿಳಿ, ಬಿಳಿ ಅಂದರೆ ರಾಣಿ, ರಾಣಿ ಅಂದರೆ ಅಂಗಡಿಯಲ್ಲಿ ಸಿಗುವ ನೀಲಿ ಫ್ರಾಕು. ಆ ಪಾಠ ಯಾವ ಪಾದ್ರಿಗೂ ಸಾಧ್ಯವಾಗದಷ್ಟು ಗಟ್ಟಿಯಾಗಿ ಕೂತಿದೆ, ಅದರ ಮೇಲೆ ಯಾರೂ ದೂರು ಕೊಡಲ್ಲ.

ಅಷ್ಟಕ್ಕೂ ಆಟವೇ ಪಾಠ ಅನ್ನುವ ಯೋಚನೆ ಹುಟ್ಟಿದ್ದೇ ಧರ್ಮದ ಮಡಿಲಲ್ಲಿ. ಕಿಂಡರ್‌ಗಾರ್ಟನ್ ಅನ್ನುವ ಹೆಸರು ಕೊಟ್ಟ ಜರ್ಮನಿಯ ಫ್ರಿಡ್ರಿಕ್ ಫ್ರೋಬೆಲ್ ಲುಥೆರನ್ ಪಾದ್ರಿಯ ಮಗ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಮಕ್ಕಳ ಶಾಲೆ ಶುರುಮಾಡಿದ, 1840ರಲ್ಲಿ ಅದಕ್ಕೆ ಆ ಹೆಸರಿಟ್ಟ. ಉಲ್ಲನ್ನಿನ ಚೆಂಡು, ಮರದ ಗೋಲ, ಘನ, ಸಿಲಿಂಡರ್ ಇವನ್ನೆಲ್ಲ ಮಕ್ಕಳ ಕೈಗೆ ಕೊಟ್ಟದ್ದು ಗಣಿತ ಕಲಿಯಲಿ ಅಂತ ಮಾತ್ರ ಅಲ್ಲ. ಸೃಷ್ಟಿಯ ಹಿಂದಿನ ಏಕತೆ, ಅವನ ಮಾತಲ್ಲಿ ದೇವರು, ಮಗುವಿನ ಕೈಬೆರಳಿಗೆ ತಾಗಲಿ ಅಂತ. ತಮಾಷೆ ನೋಡಿ, 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಆರೋಪ: ಇವು ನಾಸ್ತಿಕತೆ ಹಬ್ಬಿಸುತ್ತವೆ! ಅವನನ್ನು ಅವನ ಅಣ್ಣನ ಮಗನ ಜೊತೆ ಸೇರಿಸಿ ಗೊಂದಲ ಮಾಡಿಕೊಂಡಿದ್ದರು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆಗೆದದ್ದು 1860ರಲ್ಲಿ. ಅಷ್ಟರಲ್ಲಿ ಮಾರ್ಗರೆಥೆ ಶುರ್ಜ್ ಎಂಬ ಜರ್ಮನ್ ಹೆಂಗಸು ನಮ್ಮ ಪಕ್ಕದ ರಾಜ್ಯ ವಿಸ್ಕಾನ್ಸಿನ್ನಿನ ವಾಟರ್‌ಟೌನಿನಲ್ಲಿ, 1856ರಲ್ಲಿ, ತನ್ನ ಮಗಳು ಮತ್ತು ನೆಂಟರ ಮಕ್ಕಳಿಗಾಗಿ ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಶುರುಮಾಡಿ ಆಗಿತ್ತು. ನನ್ನ ಮಗಳ ಬೇಸ್‌ಮೆಂಟ್ ಶಾಲೆ ಅದೇ ಗೋತ್ರದ್ದು.

ಹಾಗಾಗಿ ಧರ್ಮ ಇದೆಯೋ ಇಲ್ಲವೋ ಅನ್ನುವುದನ್ನು ಬಿಟ್ಟು, ಆ ಎರಡು ಮೇಜುಗಳ ನಡುವಿನ ವ್ಯತ್ಯಾಸ ಏನು ಅಂತ ಯೋಚಿಸಿದೆ. ಮಂಜುಗಡ್ಡೆಯ ಆಟದಲ್ಲಿ ಮಗು ಸೋಲಬಹುದು, ಟೀಚರ್ ಕೂಡ ಸೋಲಬಹುದು. ಉಪ್ಪು ಕೆಲಸ ಮಾಡದೇ ಇರಬಹುದು, ತೀರಾ ಚಳಿಯಾದರೆ ರಸ್ತೆಯ ಉಪ್ಪೇ ಸುಮ್ಮನೆ ಬಿದ್ದಿರುತ್ತೆ. ಹತ್ತಿಯ ಹೃದಯದಲ್ಲಿ ಯಾರೂ ಸೋಲಲ್ಲ. ಅಲ್ಲಿ ಉತ್ತರ ಕೊಡುವುದು ಹತ್ತಿಯಲ್ಲ, ದೊಡ್ಡವರು. ಮಗು ಏನೇ ಮಾಡಿದರೂ ಕಪ್ಪು ತಪ್ಪೇ, ಬಿಳಿ ಸರಿಯೇ. ಬೆಂಚಿನ ಮೇಲೆ ಕೂರಿಸಿ "ತಪ್ಪು ಮಾಡಬಾರದು" ಅಂತ ಉಪದೇಶ ಮಾಡಿದ್ದರೆ ಇವಳು ಆಕಳಿಸಿ ಕಿಟಕಿ ಕಡೆ ನೋಡುತ್ತಿದ್ದಳು. ಆಕಳಿಕೆಯೂ ಮಗುವಿಗಿರುವ ಒಂದು ಹಕ್ಕು ಅಂತ ನನ್ನ ಭಾವನೆ. ಆಟದ ವೇಷದಲ್ಲಿ ಬಂದ ಪಾಠದ ಮುಂದೆ ಆ ಹಕ್ಕು ಇಲ್ಲ, ಯಾಕಂದರೆ ಆಡುವ ಮಗು ಬಾಗಿಲು ಪೂರ್ತಿ ತೆರೆದಿರುತ್ತೆ.

ಹಾಗಂತ ನಂಬಿಕೆ ಇದ್ದಲ್ಲಿ ತೆರೆದ ಆಟ ಸಾಧ್ಯವಿಲ್ಲ ಅಂದರೆ ಅದು ಸುಳ್ಳು. ಜೋಹಾನ್ಸ್ ಕೆಪ್ಲರ್ ಗೊತ್ತಲ್ಲ, ಗ್ರಹಗಳ ಲೆಕ್ಕದವನು. ಅವನೂ ಲುಥೆರನ್, ಗಾಢ ದೈವಭಕ್ತ. 1611ರಲ್ಲಿ ಪ್ರಾಗ್ ನಗರದಲ್ಲಿ ಕೋಟಿನ ಮೇಲೆ ಬಿದ್ದ ಹಿಮ ನೋಡಿ, ಇದಕ್ಕೆ ಯಾವಾಗಲೂ ಆರೇ ಮೂಲೆ ಯಾಕೆ, ಐದೋ ಏಳೋ ಯಾಕಿಲ್ಲ ಅಂತ ಒಂದು ಪುಟ್ಟ ಪುಸ್ತಕ ಬರೆದು ಗೆಳೆಯನಿಗೆ ಹೊಸವರ್ಷದ ಉಡುಗೊರೆ ಕೊಟ್ಟ. ಜೇನುಗೂಡು, ದಾಳಿಂಬೆ ಕಾಳು ಎಲ್ಲ ತಡವಿ ನೋಡಿ, ಕೊನೆಗೂ ಪೂರ್ತಿ ಉತ್ತರ ಸಿಗದೆ ಮುಂದಿನವರು ನೋಡಲಿ ಅಂತ ಬಿಟ್ಟ. ದೇವರು ಹಾಗೆ ಮಾಡಿದ ಅಂತ ಒಂದು ಸಾಲಿನಲ್ಲಿ ಮುಗಿಸಿ ಮಲಗಬಹುದಿತ್ತು, ಮಲಗಲಿಲ್ಲ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲಿ ಕೂರುತ್ತವೆ ಅನ್ನುವುದು ಗೊತ್ತಾದದ್ದು ಅವನು ಹೋಗಿ ಶತಮಾನಗಳಾದ ಮೇಲೆ.

ಟೀಚರ್ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ದೇವರು ಪ್ರತಿಯೊಂದು ಹಿಮದ ಹರಳನ್ನೂ ಬೇರೆ ಬೇರೆ ಮಾಡಿದ್ದಾನೆ ಅಂತ ಆಕೆ ನಿಜವಾಗಿ ನಂಬುತ್ತಾರೆ. ನಂಬುವುದರಿಂದಲೇ ಫ್ರೀಜರಿನಲ್ಲಿಟ್ಟ ಕಪ್ಪು ಕಾಗದ ಹಿಡಿದು, ಹದಿನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಆ ಚಳಿಯಲ್ಲಿ ಹೊರಗೆ ನಿಲ್ಲುತ್ತಾರೆ. ಹರಳು ಬಿದ್ದ ಕೂಡಲೇ ಭೂತಗನ್ನಡಿ ಕೊಟ್ಟು "ನೋಡು, ನೋಡು" ಅನ್ನುತ್ತಾರೆ. ನಾನಾಗಿದ್ದರೆ ಸೋಫಾದಲ್ಲಿ ಕೂತು ಯೂಟ್ಯೂಬ್ ಹಾಕುತ್ತಿದ್ದೆ. ವರ್ಮಾಂಟಿನ ಜೆರಿಕೋ ಊರಿನ ರೈತ ವಿಲ್ಸನ್ ಬೆಂಟ್ಲಿ ಕ್ಯಾಮರಾಗೆ ಮೈಕ್ರೋಸ್ಕೋಪು ಜೋಡಿಸಿ 1885ರಲ್ಲಿ ಮೊದಲ ಹರಳಿನ ಫೋಟೋ ತೆಗೆದ. 1931ರಲ್ಲಿ ಸಾಯುವವರೆಗೆ 5,000ಕ್ಕೂ ಹೆಚ್ಚು ತೆಗೆದ. ಅಂಥ ತಾಳ್ಮೆಗೆ ಒಂದು ಮೋಹ ಬೇಕು, ಅದು ಎಲ್ಲಿಂದಾದರೂ ಬರಲಿ. ಮತ್ತೆ ಗಮನಿಸಿ: ಅಲ್ಲಿ ಹಿಮ ಕಾಣಿಸಿದ್ದೇ ಕಾಗದ ಕಪ್ಪಾಗಿದ್ದರಿಂದ.

ಶುಕ್ರವಾರ ಮಗಳನ್ನು ಕರೆದುಕೊಂಡು ಬರುವಾಗ ಟೀಚರ್ ಹತ್ತಿರ ಮಾತಾಡಿದೆ. ಕೃಷ್ಣನ ಪ್ರಶ್ನೆ ಹೇಳಿದೆ. ಅವರೂ ಮೊದಲು ನಕ್ಕರು. ಕ್ರೇಯಾನ್ ವಿಷಯ ಹೇಳಿದಾಗ ನಗಲಿಲ್ಲ, ಕೆಂಪು-ಕಪ್ಪಿನ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಎಷ್ಟೋ ವರ್ಷದಿಂದ ಮಾಡಿಸ್ತಿರೋ ಕ್ರಾಫ್ಟು, ಮುಂದಿನ ವರ್ಷ ಇರಲ್ಲ" ಅಂದರು. ಆಮೇಲೆ, "ಆದರೆ ದೇವರ ಬಗ್ಗೆ ಹೇಳೋದು ನಿಲ್ಲಿಸಲ್ಲ, ಈ ಶಾಲೆ ಇರೋದೇ ಅದಕ್ಕೆ" ಅಂತಲೂ ಸೇರಿಸಿದರು. ಆ ಮಾತು ನನಗೆ ಹಿಡಿಸಿತು. ನಾವು ಯಾವ ಧರ್ಮದ ಕಡೆಯೂ ಇಲ್ಲ ಅಂತ ಫಲಕ ಹಾಕಿಕೊಂಡು ಒಳಗೊಳಗೇ ಏನೋ ಮೆತ್ತುವವರಿಗಿಂತ ಬಾಗಿಲಲ್ಲೇ ಶಿಲುಬೆ ಇಟ್ಟುಕೊಂಡವರ ಜೊತೆ ಜಗಳವಾದರೂ ಸರಿಯಾಗಿ ಆಡಬಹುದು. ಕಪ್ಪು ಕ್ರೇಯಾನ್ ವಾಪಸ್ ಬರೋಕೆ ಫೆಬ್ರವರಿ ಮಧ್ಯದವರೆಗೆ ಕಾಯಬೇಕಾಯಿತು. ಬಂದದ್ದು ಕಾಗೆ ಬರೆಯೋಕೆ. ಅಜ್ಜಿಯ ಕೂದಲು ಇನ್ನೂ ಹಳದಿಯೇ ಇದೆ.

ಇದನ್ನೆಲ್ಲ ಬೆಂಗಳೂರಿನಲ್ಲಿರುವ ಹಳೇ ಸಹೋದ್ಯೋಗಿಯೊಬ್ಬನಿಗೆ ಫೋನಿನಲ್ಲಿ ಹೇಳಿದೆ. ಮಂಗಳೂರಿನ ಕ್ಯಾಥೊಲಿಕ್. ಅವನ ಮಗ ಹೋಗುವ ಪ್ಲೇಸ್ಕೂಲಿನಲ್ಲಿ ಶಾರದಾ ಪೂಜೆ ಇದೆ, ಜನ್ಮಾಷ್ಟಮಿಗೆ ಎಲ್ಲ ಗಂಡುಮಕ್ಕಳೂ ನವಿಲುಗರಿ ಸಿಕ್ಕಿಸಿಕೊಂಡು ಹೋಗಬೇಕು. ಅಲ್ಲೂ ಆಟವೇ ಪಾಠ. "ನಿನಗೇನೂ ಅನ್ನಿಸಲಿಲ್ವಾ?" ಅಂದೆ.

"ನವಿಲುಗರಿಗೆ ಏನು ಮಾರಾಯ, ಚಂದ ಕಾಣ್ತಿದ್ದ" ಅಂದ. "ಮೊನ್ನೆ ಡಿಸೆಂಬರ್‌ನಲ್ಲಿ, ನಮ್ಮ ಮನೆಯಿಂದ ಒಂದು ಸಣ್ಣ ಗೋದಲಿ ತಂದು ಕ್ಲಾಸಲ್ಲಿ ಇಡ್ಲಾ, ಮಕ್ಕಳು ಕುರಿ-ದನ ಜೋಡಿಸಿ ಆಡ್ತಾರೆ ಅಂತ ಕೇಳುವ ಅಂತಿದ್ದೆ."

"ಕೇಳಿದ್ಯಾ?"

"ಇಲ್ಲ. ಜೂನಿಗೆ ಅವನು ಬೇರೆ ಶಾಲೆಗೆ ಹೋಗ್ತಾನಲ್ಲ, ಇನ್ನು ಯಾಕೆ ಸುಮ್ಮನೆ."