ಕೊನೆಯ ಎಲೆಗೂ ಬಡಿಸಿದ ಮೇಲೆ

ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಒಂದು ಜೀವಕೋಶ ಎರಡಾಗಲು ತಯಾರಿಯೆಲ್ಲ ಸೇರಿ ಸುಮಾರು ಒಂದು ದಿನ ಬೇಕು. ಅದರಲ್ಲಿ ವರ್ಣತಂತುಗಳನ್ನು, ಅಂದರೆ ಕ್ರೋಮೋಸೋಮ್‌ಗಳನ್ನು, ಹಂಚಿಕೊಂಡು ಬೇರೆಯಾಗುವ ಕೊನೆಯ ಹಂತಕ್ಕೆ ಹಿಡಿಯುವುದು ಒಂದು ಗಂಟೆಯಷ್ಟೇ. ಆ ಗಂಟೆಯ ದೊಡ್ಡ ಪಾಲನ್ನೂ ಕೋಶ ಕಾಯುವುದರಲ್ಲೇ ಕಳೆಯುತ್ತದೆ. ಬೇರೆ ಯಾರಿಗಾಗಿಯೂ ಅಲ್ಲ, ಇನ್ನೂ ಸಿದ್ಧವಾಗದೆ ಉಳಿದ ಒಂದೆರಡು ವರ್ಣತಂತುಗಳಿಗಾಗಿ.

ನಮ್ಮ ಸಾಮಾನ್ಯ ಕೋಶಗಳಲ್ಲಿ 46 ವರ್ಣತಂತುಗಳಿವೆ; ತಾಯಿಯಿಂದ ಬಂದವು 23, ತಂದೆಯಿಂದ ಬಂದವು 23. ಕೋಶ ಒಡೆಯುವ ಮೊದಲು ಪ್ರತಿಯೊಂದಕ್ಕೂ ಒಂದೊಂದು ನಕಲು ತಯಾರಾಗುತ್ತದೆ. ಮೂಲವನ್ನೂ ನಕಲನ್ನೂ ಕೊಹೆಸಿನ್ ಎಂಬ ಉಂಗುರದಾಕಾರದ ಪ್ರೋಟೀನು ಜೊತೆಯಲ್ಲೇ ಬಿಗಿದಿಡುತ್ತದೆ. ಆಮೇಲೆ ಕೋಶದ ಎರಡು ತುದಿಗಳಿಂದ ನವಿರಾದ ಎಳೆಗಳು ಹೊರಡುತ್ತವೆ. ಅವು ಬೆಳೆಯುತ್ತ, ಕುಗ್ಗುತ್ತ, ಮತ್ತೆ ಬೆಳೆಯುತ್ತ ವರ್ಣತಂತುಗಳನ್ನು ತಡಕುತ್ತವೆ. ಎಳೆ ಬಂದು ಕಚ್ಚಿಕೊಳ್ಳುವ ಜಾಗಕ್ಕೆ ಕೈನೆಟೊಕೋರ್ ಎಂದು ಹೆಸರು. ಜೋಡಿಯಲ್ಲಿ ಒಂದನ್ನು ಈ ತುದಿಯ ಎಳೆ, ಇನ್ನೊಂದನ್ನು ಆ ತುದಿಯ ಎಳೆ ಹಿಡಿದಾಗ ನಡುವೆ ಬಿಗಿ ಹುಟ್ಟುತ್ತದೆ. ಹಿಡಿತ ಸರಿಯಾಗಿದೆ ಎನ್ನುವುದಕ್ಕೆ ಆ ಬಿಗಿಯೇ ಗುರುತು. ಎರಡನ್ನೂ ಒಂದೇ ತುದಿಯ ಎಳೆಗಳು ಹಿಡಿದಿದ್ದರೆ ಬಿಗಿ ಬರುವುದಿಲ್ಲ. ಆಗ ಅರೋರಾ ಬಿ ಎಂಬ ಕಿಣ್ವ ಹಿಡಿತ ಬಿಡಿಸಿ ಇನ್ನೊಮ್ಮೆ ಹಿಡಿಯಲು ಅವಕಾಶ ಮಾಡಿಕೊಡುತ್ತದೆ.

ನಲವತ್ತೈದು ಜೋಡಿ ಸರಿಯಾಗಿ ನಿಂತು ಒಂದು ಮಾತ್ರ ಹಿಂದೆ ಬಿದ್ದಿದೆ ಎನ್ನಿ. ಇಲ್ಲಿ ಬಹುಮತ ನಡೆಯುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವ ತನಕ ಮೊದಲ ಎಲೆಯವರೂ ಊಟಕ್ಕೆ ಕೈಹಾಕದೆ ಕೂರುವಂತೆ, ಇಡೀ ಕೋಶ ನಿಂತು ಕಾಯುತ್ತದೆ. ಎಳೆ ಸಿಗದ ಕೈನೆಟೊಕೋರ್ ‘ಈಗ ಬೇಡ’ ಎಂಬ ರಾಸಾಯನಿಕ ಆಕ್ಷೇಪವನ್ನು ಬಿಡದೆ ಕಳಿಸುತ್ತಿರುತ್ತದೆ. ಆ ಆಕ್ಷೇಪ ಇರುವಷ್ಟು ಹೊತ್ತು, ಉಂಗುರಗಳನ್ನು ಕತ್ತರಿಸಬೇಕಾದ ಸೆಪರೇಸ್ ಕಿಣ್ವಕ್ಕೆ ಬಿಡುಗಡೆಯಿಲ್ಲ. ಕೊನೆಯ ಆಕ್ಷೇಪ ಅಡಗಿತೋ, ಸೆಪರೇಸನ್ನು ಹಿಡಿದಿಟ್ಟಿದ್ದ ಪ್ರೋಟೀನು ನಾಶವಾಗುತ್ತದೆ, ಎಲ್ಲ ಉಂಗುರಗಳೂ ಹೆಚ್ಚುಕಡಿಮೆ ಒಟ್ಟಿಗೇ ಕಡಿಯುತ್ತವೆ, ಜೋಡಿಗಳು ಬೇರೆಯಾಗಿ ಎರಡು ಕಡೆಗೆ ಸರಿಯುತ್ತವೆ. ಒಮ್ಮೆ ಕಡಿದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ಕಾಯಬೇಕಾದದ್ದೆಲ್ಲ ಅದಕ್ಕೆ ಮೊದಲೇ.

ಒಂದೇ ಒಂದರ ಆಕ್ಷೇಪಕ್ಕೆ ಇಷ್ಟು ಬಲವಿದೆಯೆ? ಅಮೆರಿಕದ ಕಾನ್ಲಿ ರೀಡರ್ ಮತ್ತು ಸಂಗಡಿಗರು 1995ರಲ್ಲಿ ಇದನ್ನೇ ಪರೀಕ್ಷಿಸಿದರು. ಪೊಟೊರೂ ಎಂಬ ಪುಟ್ಟ ಕಾಂಗರೂ ಜಾತಿಯ ಪ್ರಾಣಿಯ ಕೋಶಗಳನ್ನು ಅವರು ಆರಿಸಿಕೊಂಡರು. ಅದರ ವರ್ಣತಂತುಗಳು ಕೆಲವೇ, ಗಾತ್ರದಲ್ಲಿ ದೊಡ್ಡವು, ನೋಡಲು ಸುಲಭ. ಒಂದು ಕೈನೆಟೊಕೋರ್‌ಗೆ ಎಳೆ ಸಿಗದಿದ್ದರೂ ಕೋಶ ಮುಂದುವರಿಯದೆ ನಿಲ್ಲುತ್ತಿತ್ತು. ಆ ಕೊನೆಯ ಕೈನೆಟೊಕೋರನ್ನು ಲೇಸರ್ ಕಿರಣದಿಂದ ಸುಟ್ಟರು. ಸುಮಾರು 20 ನಿಮಿಷದಲ್ಲಿ ವಿಭಜನೆ ಶುರುವಾಯಿತು. ಗಮನಿಸಬೇಕಾದದ್ದು ಇಷ್ಟು: ಆ ವರ್ಣತಂತುವಿನ ಸ್ಥಿತಿಯೇನೂ ಸರಿಹೋಗಿರಲಿಲ್ಲ. ಅದು ಒಂದೇ ತುದಿಗೆ ಅಂಟಿಕೊಂಡೇ ಇತ್ತು. ಆಕ್ಷೇಪಿಸುವ ಬಾಯಿ ಮಾತ್ರ ಇಲ್ಲವಾಗಿತ್ತು.

ಹಂಚಿಕೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಇದಕ್ಕೂ ಬಹಳ ಹಿಂದೆ ಕಂಡವರು ಜರ್ಮನಿಯ ಥಿಯೋಡೋರ್ ಬೊವೆರಿ. ಇಟಲಿಯ ನೇಪಲ್ಸ್ ಕಡಲತೀರದಲ್ಲಿ ಅವರು ಕಡಲ ಮುಳ್ಳುಚೆಂಡಿನ ಮೊಟ್ಟೆಗಳನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ಮೊಟ್ಟೆಗೆ ಎರಡು ವೀರ್ಯಾಣು ಹೊಕ್ಕರೆ ಎರಡರ ಬದಲು ನಾಲ್ಕು ತುದಿಗಳು ಹುಟ್ಟಿ, ವರ್ಣತಂತುಗಳು ಲೆಕ್ಕತಪ್ಪಿ ಹಂಚಿಹೋಗುತ್ತಿದ್ದವು. ಹಾಗೆ ಹುಟ್ಟಿದ ಭ್ರೂಣಗಳಲ್ಲಿ ಹೆಚ್ಚಿನವು ಸರಿಯಾಗಿ ಬೆಳೆಯದೆ ಸತ್ತವು. ಪ್ರತಿ ವರ್ಣತಂತುವಿಗೂ ತನ್ನದೇ ಕೆಲಸವಿದೆ, ಒಂದರ ಕೆಲಸ ಇನ್ನೊಂದು ಮಾಡಲಾರದು ಎಂದು ಬೊವೆರಿ 1902ರಲ್ಲಿ ಬರೆದರು. 1914ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಕ್ಯಾನ್ಸರ್ ಗಡ್ಡೆಯ ಮೂಲ ವರ್ಣತಂತುಗಳ ಲೆಕ್ಕ ತಪ್ಪಿದ ಒಂದು ಕೋಶದಲ್ಲಿರಬಹುದು ಎಂದು ಊಹಿಸಿದರು. ಮರುವರ್ಷ ತೀರಿಕೊಂಡರು. ಆ ಪುಸ್ತಕವನ್ನು 1929ರಲ್ಲಿ ಇಂಗ್ಲಿಷಿಗೆ ತಂದವರು ಅವರ ಪತ್ನಿ, ಸ್ವತಃ ಜೀವವಿಜ್ಞಾನಿಯಾಗಿದ್ದ ಮಾರ್ಸೆಲ್ಲಾ ಬೊವೆರಿ.

ಆ ಆಕ್ಷೇಪದ ಹಿಂದಿರುವ ಜೀನ್‌ಗಳು ಸಿಕ್ಕಿದ್ದು 1991ರಲ್ಲಿ, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್‌ನಲ್ಲಿ. ಎಳೆಗಳನ್ನು ಕರಗಿಸುವ ವಿಷ ಹಾಕಿದಾಗ ಆರೋಗ್ಯವಂತ ಯೀಸ್ಟ್ ವಿಭಜನೆ ನಿಲ್ಲಿಸಿ ಕಾಯುತ್ತದೆ. ಕಾಯಲು ಬಾರದೆ ಮುನ್ನುಗ್ಗಿ ಸತ್ತ ತಳಿಗಳನ್ನು ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಹುಡುಕಿ ತೆಗೆದವು. ಅವುಗಳಲ್ಲಿ ಕೆಟ್ಟಿದ್ದ ಜೀನ್‌ಗಳ ಬಂಧುಗಳು ಮನುಷ್ಯನಲ್ಲೂ ಇವೆ.

ಹಾಗಾದರೆ ಕ್ಯಾನ್ಸರ್ ಎಂದರೆ ಈ ಕಾವಲು ಮುರಿದುಬಿದ್ದ ಸ್ಥಿತಿಯೆ? ಮೇಲ್ನೋಟಕ್ಕೆ ಹಾಗೆಯೇ ಅನಿಸುತ್ತದೆ; ಗಟ್ಟಿ ಗಡ್ಡೆಗಳಲ್ಲಿ ಬಹುಪಾಲಿನವುಗಳ ಕೋಶಗಳಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ. ಆದರೆ ಕಾವಲು ಪೂರ್ತಿ ಮುರಿದರೆ ಕೋಶವೇ ಬದುಕುವುದಿಲ್ಲ. ಮ್ಯಾಡ್2 ಎಂಬ ಕಾವಲು ಜೀನ್‌ನ ಎರಡೂ ಪ್ರತಿಗಳನ್ನು ಕಳೆದುಕೊಂಡ ಇಲಿಗಳು ಭ್ರೂಣದಲ್ಲೇ ಸಾಯುತ್ತವೆ. ಒಂದು ಪ್ರತಿ ಮಾತ್ರ ಇಲ್ಲದ ಇಲಿಗಳು ಹುಟ್ಟುತ್ತವೆ, ಓಡಾಡುತ್ತವೆ, ಚೆನ್ನಾಗಿಯೇ ಕಾಣುತ್ತವೆ. ವಯಸ್ಸಾಗುತ್ತ ಅವುಗಳಲ್ಲಿ ಹಲವಕ್ಕೆ ಶ್ವಾಸಕೋಶದಲ್ಲಿ ಗಡ್ಡೆ ಏಳುತ್ತದೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವುದು ನಮಗೆಲ್ಲ ಬಾಯಿಪಾಠವಾದ ಮಾತು. ಕೋಶದಲ್ಲಿ ಅಪಾಯ ಶುರುವಾಗುವುದು ಆ ‘ಸ್ವಲ್ಪ’ದಲ್ಲೇ. ನಿಯಮ ಪೂರ್ತಿ ಮುರಿದ ಕೋಶ ತಾನೇ ಸಾಯುತ್ತದೆ. ಸಡಿಲಿಸಿಕೊಂಡ ಕೋಶ ಬದುಕಿ ದೇಹಕ್ಕೆ ಕಂಟಕವಾಗುತ್ತದೆ.

ಕಾವಲಿನ ಕಣ್ಣಿಗೆ ಬೀಳದ ತಪ್ಪೂ ಒಂದಿದೆ, ಮತ್ತು ಕ್ಯಾನ್ಸರ್ ಕೋಶಗಳಲ್ಲಿ ಅದೇ ಹೆಚ್ಚು. ಒಂದೇ ಕೈನೆಟೊಕೋರನ್ನು ಎರಡೂ ತುದಿಯ ಎಳೆಗಳು ಹಿಡಿದುಬಿಡುತ್ತವೆ. ಎಳೆ ಸಿಕ್ಕಿದೆ, ಹಾಗಾಗಿ ಆಕ್ಷೇಪವಿಲ್ಲ. ಹೊರಡುವಾಗ ಮಾತ್ರ ಆ ವರ್ಣತಂತು ಎರಡು ಕಡೆಯ ಎಳೆತಕ್ಕೆ ಸಿಕ್ಕಿ ನಡುವೆಯೇ ಹಿಂದುಳಿಯುತ್ತದೆ, ಕೆಲವೊಮ್ಮೆ ತಪ್ಪು ಮನೆ ಸೇರುತ್ತದೆ. ಆರೋಗ್ಯವಂತ ಕೋಶ ಇಂಥ ತಪ್ಪು ಹಿಡಿತವನ್ನು ಬೇಗ ಬಿಡಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶದ ಹಿಡಿತ ಅಷ್ಟು ಸುಲಭಕ್ಕೆ ಸಡಿಲವಾಗದು. ಪ್ರಯೋಗಾಲಯದ ಸಾಮಾನ್ಯ ಕೋಶಗಳಲ್ಲಿ ನೂರು ವಿಭಜನೆಗೆ ಒಂದರಷ್ಟು ತಪ್ಪಾದರೆ, ಲೆಕ್ಕ ತಪ್ಪುತ್ತಲೇ ಇರುವ ಕ್ಯಾನ್ಸರ್ ಕೋಶಗಳಲ್ಲಿ ಒಂದರಿಂದ ಐದು ವಿಭಜನೆಗೆ ಒಂದು ತಪ್ಪು.

ಸಾಮಾನ್ಯ ಕೋಶದಲ್ಲೂ ತಪ್ಪು ಸೊನ್ನೆಯಲ್ಲ ಎಂಬುದನ್ನು ನೆನಪಿಡಬೇಕು. ತಂಬಾಕು ಕ್ಯಾನ್ಸರ್ ತರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ಚಟವೂ ಇಲ್ಲದವರಿಗೆ ರೋಗ ಬಂದಾಗ ‘ಯಾವ ಜನ್ಮದ ಪಾಪವೋ’ ಎನ್ನುವ ಮಾತು ಈಗಲೂ ಕೇಳುತ್ತದೆ. ಲಕ್ಷಗಟ್ಟಲೆ ಕೋಶಗಳು ಸದಾ ಒಡೆಯುತ್ತಿರುವ ದೇಹದಲ್ಲಿ ಒಂದು ಹಂಚಿಕೆ ಆಕಸ್ಮಿಕವಾಗಿಯೂ ತಪ್ಪಬಹುದು. ರೋಗಿಯ ಮೇಲೆ ಆ ಹೊರೆ ಹೊರಿಸುವುದು ಅನ್ಯಾಯ.

ಈ ಎಳೆಗಳ ಮೇಲೆಯೇ ಕೆಲಸ ಮಾಡುವ ಮದ್ದುಗಳೂ ನಮ್ಮಲ್ಲಿವೆ. ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟೀನ್ ಎಳೆಗಳನ್ನು ಕಟ್ಟಲು ಬಿಡುವುದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರಿಗೆ 1960ರ ದಶಕದಿಂದಲೂ ಅದು ಬಳಕೆಯಲ್ಲಿದೆ. ಅಮೆರಿಕದ ಯೂ ಮರದ ತೊಗಟೆಯಿಂದ ಬಂದ ಟ್ಯಾಕ್ಸಾಲ್ ಅದಕ್ಕೆ ತದ್ವಿರುದ್ಧ, ಕಟ್ಟಿದ ಎಳೆಗಳನ್ನು ಕರಗಲು ಬಿಡುವುದಿಲ್ಲ. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ ಒಬ್ಬರು. ಟ್ಯಾಕ್ಸಾಲ್ ಕೋಶವನ್ನು ಕಾಯಿಸಿ ಕಾಯಿಸಿಯೇ ಕೊಲ್ಲುತ್ತದೆ ಎಂದು ಬಹುಕಾಲ ನಂಬಿದ್ದರು. ಸ್ತನ ಕ್ಯಾನ್ಸರಿನ ರೋಗಿಗಳ ಗಡ್ಡೆಗಳನ್ನು ನೋಡಿದ 2014ರ ಅಧ್ಯಯನದಲ್ಲಿ ಕಂಡದ್ದು ಬೇರೆ: ಅಲ್ಲಿನ ಕೋಶಗಳು ಮೂರು, ನಾಲ್ಕು ತುದಿಗಳತ್ತ ಎಳೆದಾಡಿ ಲೆಕ್ಕತಪ್ಪಿ ಸಾಯುತ್ತಿದ್ದವು, ಬೊವೆರಿ ಕಂಡ ಮೊಟ್ಟೆಗಳ ಹಾಗೆಯೇ. ಸ್ವಲ್ಪ ತಪ್ಪಿನಿಂದ ಬೆಳೆದ ಗಡ್ಡೆಗೆ ವಿಪರೀತ ತಪ್ಪೇ ಮದ್ದಾಗುತ್ತದೆ.

ಕೋಶಕ್ಕೆ ನೀತಿ ಗೊತ್ತಿಲ್ಲ, ಅದು ನಮಗೆ ಉಪದೇಶ ಮಾಡಲೆಂದು ಕಾಯುವುದೂ ಇಲ್ಲ. ಪಾಠ ಹುಡುಕಿಕೊಳ್ಳಬೇಕಾದವರು ನಾವು. ಶಸ್ತ್ರಚಿಕಿತ್ಸೆ ಮುಗಿದು ಹೊಲಿಗೆ ಹಾಕುವ ಮೊದಲು ನರ್ಸ್ ಗಾಜ್ ಬಟ್ಟೆಗಳನ್ನು, ಉಪಕರಣಗಳನ್ನು ಎಣಿಸುತ್ತಾರೆ. ‘ಡಾಕ್ಟ್ರೇ, ಒಂದು ಕಡಿಮೆ ಇದೆ’ ಎಂದರೆ ಎಷ್ಟೇ ಹಿರಿಯ ವೈದ್ಯರಾದರೂ ಕೈ ತಡೆಯಲೇಬೇಕು. ಸೇತುವೆ ಕಟ್ಟುವಲ್ಲಿ, ಕಾರ್ಖಾನೆಯಲ್ಲಿ, ಕಚೇರಿಯ ಲೆಕ್ಕದಲ್ಲಿ ಹೀಗೆ ಹೇಳುವವರು ಹೆಚ್ಚಾಗಿ ಕೆಳಗಿನ ಹುದ್ದೆಯವರೇ. ಅವರ ಬಾಯಿ ಮುಚ್ಚಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಕೊರತೆ ಒಳಗೇ ಉಳಿಯುತ್ತದೆ. ನಿಮ್ಮ ನಡುವೆ ಯಾರಾದರೂ ‘ಒಂದು ಕಡಿಮೆ ಇದೆ’ ಎಂದರೆ ಗದರಬೇಡಿ. ಮೊದಲು ಎಣಿಸಿ ನೋಡಿ, ಆಮೇಲೆ ಮುಂದುವರಿಯಿರಿ.