ಎರೆ ಎಷ್ಟು ಆಳದಲ್ಲಿರಬೇಕು?

ಇನ್ನೊಬ್ಬರ ಮನಸ್ಸನ್ನು ಚೆನ್ನಾಗಿ ಅರಿತವನು ಅವರನ್ನು ಚೆನ್ನಾಗಿ ಪ್ರೀತಿಸಬಲ್ಲನು ಎಂಬುದು ನಮ್ಮೆಲ್ಲರ ನಂಬಿಕೆ. ತಾಯಿಗೆ ಮಗುವಿನ ಹಸಿವು ತಿಳಿಯುತ್ತದೆ, ಆದ್ದರಿಂದ ಉಣಿಸುತ್ತಾಳೆ. ಗೆಳೆಯನಿಗೆ ಗೆಳೆಯನ ನೋವು ತಿಳಿಯುತ್ತದೆ, ಆದ್ದರಿಂದ ಬಳಿಯಲ್ಲಿ ಕೂರುತ್ತಾನೆ. ಅರಿವು ಹೆಚ್ಚಿದಂತೆ ಪ್ರೀತಿಯೂ ಹೆಚ್ಚುತ್ತದೆಂದು ನಾನೂ ಬಹುಕಾಲ ನಂಬಿದ್ದೆ, ಹಾಗೆಂದು ಬೋಧಿಸಿಯೂ ಇದ್ದೆ. ಆ ನಂಬಿಕೆ ಅರ್ಧಸತ್ಯವೆಂದು ನನಗೆ ಹೊಳೆದದ್ದು ಹೆಪ್ಪುಗಟ್ಟಿದ ಒಂದು ಸರೋವರದ ಮೇಲೆ, ಮೀನು ಹಿಡಿಯುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತಿದ್ದಾಗ.

2019ರ ಚಳಿಗಾಲದ ಕೆಲವು ವಾರಗಳನ್ನು ನಾನು ಅಮೆರಿಕದ ಉತ್ತರ ಅಂಚಿನ ಮಿನ್ನೆಸೋಟ ರಾಜ್ಯದ ಒಂದು ಧರ್ಮಕೇಂದ್ರದಲ್ಲಿ ಕಳೆದೆ. ಹತ್ತು ಸಾವಿರಕ್ಕೂ ಮಿಕ್ಕಿ ಸರೋವರಗಳಿರುವ ನಾಡು ಅದು. ಚಳಿಗಾಲದಲ್ಲಿ ಅವುಗಳ ಮೇಲ್ಮೈ ಕಲ್ಲಿನಂತೆ ಗಟ್ಟಿಯಾಗುತ್ತದೆ. ಜನ ಪುಟ್ಟ ಮರದ ಗೂಡುಗಳನ್ನು ಎಳೆದುತಂದು, ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳವಿಳಿಸಿ ದಿನವಿಡೀ ಕೂರುತ್ತಾರೆ. ಎಪ್ಪತ್ತು ದಾಟಿದ ರೈತರೊಬ್ಬರು ಒಂದು ಮುಂಜಾನೆ ನನ್ನನ್ನೂ ಕರೆದೊಯ್ದರು.

ಕಾಲಿಡುವ ಮೊದಲು ಅವರು ಮಂಜುಗಡ್ಡೆಯ ದಪ್ಪವನ್ನು ಅಳೆದರು. ಮನುಷ್ಯನೊಬ್ಬ ನಡೆಯಲು ತಿಳಿಯಾದ ಗಡ್ಡೆ ಕನಿಷ್ಠ 4 ಅಂಗುಲವಾದರೂ ಇರಬೇಕು. ಹಿಮ ಬೆರೆತು ಬೆಳ್ಳಗಾದ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ಕೆಳಗೆ ನೀರು ಹೆಪ್ಪುಗಟ್ಟದೆ ಉಳಿಯುವುದು ಸೃಷ್ಟಿಯ ಒಂದು ಕರುಣೆಯೆಂದೇ ಹೇಳಬೇಕು. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ ಅತ್ಯಧಿಕ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆ ನಿಂತು ಗಡ್ಡೆಯಾಗುತ್ತದೆ. ತಳದ ನೀರು ದ್ರವವಾಗಿಯೇ ಉಳಿದು ಜೀವಗಳನ್ನು ಕಾಯುತ್ತದೆ.

ನಾವು ಹುಡುಕಿ ಹೊರಟದ್ದು ಪೈಕ್ ಎಂಬ ಮೀನನ್ನು. ಉತ್ತರ ಅಮೆರಿಕ, ಯೂರೋಪ್, ಏಷ್ಯಾದ ತಂಪು ನೀರುಗಳಲ್ಲಿ ವಾಸಿಸುವ ಬೇಟೆಗಾರ ಮೀನು ಅದು. ನೀಳವಾದ ಹಸಿರು ಮೈ, ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಮೂತಿ, ಬಾಯ್ತುಂಬ ಚೂಪು ಹಲ್ಲು. ನೀರುಗಿಡಗಳ ನಡುವೆ ಅಲುಗಾಡದೆ ಹೊಂಚು ಹಾಕಿ ನಿಂತು, ಕಣ್ಣುಮಿಟುಕಿಸುವಷ್ಟರಲ್ಲಿ ಎರಗುತ್ತದೆ. ಅದರ ಕಣ್ಣುಗಳು ತಲೆಯ ಮೇಲ್ಭಾಗದಲ್ಲಿವೆ. ಆದ್ದರಿಂದ ಮುಂದಿರುವುದನ್ನೂ ಮೇಲಿರುವುದನ್ನೂ ಅದು ಚೆನ್ನಾಗಿ ಕಾಣುತ್ತದೆ. ತನ್ನ ಕೆಳಗಿರುವುದನ್ನು ಅಷ್ಟಾಗಿ ಕಾಣದು.

ಹಿರಿಯರ ಕೌಶಲವೆಲ್ಲ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿತ್ತು. ಬೈರಿಗೆಯಿಂದ ತೂತು ಕೊರೆದು, ಗಾಳಕ್ಕೆ ಸೀಸದ ತೂಕವೊಂದನ್ನು ಸಿಕ್ಕಿಸಿ ಕೆಳಗೆ ಬಿಟ್ಟರು. ಅದು ತಳ ಮುಟ್ಟಿದೊಡನೆ ದಾರ ಸಡಿಲವಾಯಿತು. ಅಳೆದರೆ ಹನ್ನೊಂದು ಅಡಿ. ಬಳಿಕ ದಾರವನ್ನು ಮೇಲೆಳೆದು, ಎರೆ ನಿಲ್ಲಬೇಕಾದ ಎತ್ತರಕ್ಕೆ ಗುರುತಾಗಿ ದಾರದ ಮೇಲೆ ಚಿಕ್ಕದೊಂದು ಗುಂಡಿಯನ್ನು ಸರಿಸಿದರು. ಎರೆ ನೀರುಗಿಡಗಳ ತುದಿಗಿಂತ ಸ್ವಲ್ಪ ಮೇಲಿರಬೇಕು. "ತುಸು ಮೇಲಿದ್ದರೆ ಮೀನು ಎದ್ದು ಬರುತ್ತದೆ, ಕೆಳಗಿದ್ದರೆ ಅದರ ಮೇಲೆಯೇ ಹಾದುಹೋದರೂ ಕಾಣುವುದಿಲ್ಲ" ಎಂದರು.

ಒಂದೇ ಅಳತೆ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. ಚಳಿಗಾಲದ ಆರಂಭದಲ್ಲಿ ಹಸಿರು ಇನ್ನೂ ಉಳಿದಿರುವ ಕಡಿಮೆ ಆಳದ ಕೊಲ್ಲಿಗಳಲ್ಲಿ ಪೈಕ್ ಇರುತ್ತದೆ. ಗಿಡಗಳು ಕೊಳೆಯತೊಡಗಿದಾಗ ಅಲ್ಲಿನ ಆಮ್ಲಜನಕ ಕುಂದುತ್ತದೆ. ಮೀನು ಆಳದ ಅಂಚುಗಳಿಗೆ ಸರಿಯುತ್ತದೆ. ಮೇಲೆ ಹಿಮ ದಪ್ಪವಾಗಿ ಬಿದ್ದು ಬೆಳಕು ಮುಚ್ಚಿಹೋದಂತೆ ಉಸಿರಿನ ಅಭಾವ ತಳದಿಂದ ಮೇಲಕ್ಕೆ ಏರುತ್ತದೆ. ಆಗ ಮೀನೂ ಮೇಲಕ್ಕೆ ಬರುತ್ತದೆ. ಮಂಜು ಕರಗಿದೊಡನೆ ಮೊಟ್ಟೆಯಿಡಬೇಕಾದ್ದರಿಂದ ಚಳಿಗಾಲದ ಕೊನೆಗೆ ಮತ್ತೆ ದಡದತ್ತ ತಿರುಗುತ್ತದೆ. ಇದನ್ನೆಲ್ಲ ಆ ಹಿರಿಯರು ಮನೆಯವರ ಸಮಾಚಾರ ಹೇಳುವಂತೆ ಹೇಳಿದರು.

ನನಗೆ ನಾಚಿಕೆಯಾಯಿತು. ಎಷ್ಟು ವರ್ಷ ನಾನು ಕೇಳುವವರ ಕಣ್ಣು ಎತ್ತ ನೋಡುತ್ತಿದೆಯೆಂದು ವಿಚಾರಿಸದೆ ನನಗೆ ಅನುಕೂಲವಾದ ಆಳದಲ್ಲಿಯೇ ಮಾತನಾಡಿದ್ದೇನೆ! ತಂದೆತಾಯಿಗಳೂ ಶಿಕ್ಷಕರೂ ಈ ಹಿರಿಯರಿಂದ ಕಲಿಯಬೇಕು ಎಂದುಕೊಂಡೆ. ಊಹಿಸುವುದಲ್ಲ, ಅಳೆಯಬೇಕು. ನಮ್ಮ ಕಣ್ಣಿಗೆ ಒಪ್ಪುವಂತಲ್ಲ, ಎದುರಿನ ಜೀವದ ಕಣ್ಣಿಗೆ ಬೀಳುವಂತೆ ಇಡಬೇಕು. ನನ್ನ ಮುಂದಿನ ಲೇಖನದ ನೀತಿ ಸಿದ್ಧವಾಯಿತೆಂದು ಒಳಗೊಳಗೇ ಸಂತೋಷಪಟ್ಟೆ.

ಅಷ್ಟರಲ್ಲಿ ತೂತಿನ ಮೇಲೆ ಅಡ್ಡಲಾಗಿ ಇಟ್ಟಿದ್ದ ಸಾಧನದಿಂದ ಪುಟ್ಟ ಕಿತ್ತಳೆ ಬಾವುಟ ಚಿಮ್ಮಿ ನಿಂತಿತು. ಮೀನು ಎರೆಯನ್ನು ಕಚ್ಚಿತ್ತು. ಪೈಕ್ ತನ್ನ ಬೇಟೆಯನ್ನು ಮೊದಲು ಅಡ್ಡಲಾಗಿ ಹಿಡಿಯುತ್ತದೆ. ಆಮೇಲೆ ತಲೆಯ ಕಡೆಯಿಂದ ಹೊರಳಿಸಿಕೊಂಡು ನುಂಗುತ್ತದೆ. ಹಿಂದಿನವರು ಅದು ಪೂರ್ತಿ ನುಂಗುವವರೆಗೆ ಕಾಯುತ್ತಿದ್ದರು. ಆಗ ಗಾಳ ಹೊಟ್ಟೆಗಿಳಿಯುತ್ತದೆ. ಮೀನು ತಪ್ಪಿಸಿಕೊಳ್ಳಲಾರದು, ಬಿಟ್ಟರೂ ಬದುಕುವುದು ಕಷ್ಟ. ಹಿರಿಯರು ಕಾಯಲಿಲ್ಲ. ಎರೆಗೆ ಎರಡು ಕಡೆ ಗಾಳ ಸಿಕ್ಕಿಸಿದ್ದರಿಂದ ಕೂಡಲೇ ಎಳೆದರು. ಗಾಳ ದವಡೆಯಲ್ಲೇ ನಿಂತಿತು. ಅಳೆದರೆ ಮೀನು 24 ಅಂಗುಲ. ರಾಜ್ಯದ ಆ ಭಾಗದಲ್ಲಿ 2018ರಿಂದ 22 ಮತ್ತು 26 ಅಂಗುಲಗಳ ನಡುವಿನ ಪೈಕನ್ನು ನೀರಿಗೆ ಬಿಡಲೇಬೇಕೆಂಬ ನಿಯಮವಿದೆ. ಸಣ್ಣವು ಮಿತಿಮೀರಿ ತುಂಬಿರುವ ಸರೋವರಗಳಲ್ಲಿ ನಡುವಯಸ್ಸಿನವು ದೊಡ್ಡವಾಗಲಿ ಎಂಬುದು ಅದರ ಉದ್ದೇಶ. ಅವರು ಗಾಳ ಬಿಡಿಸಿ, ಮೀನನ್ನು ತಲೆಕೆಳಗಾಗಿ ತೂತಿನೊಳಗೆ ಹಿಡಿದರು. ಬಾಲ ಒಮ್ಮೆ ಜೋರಾಗಿ ಬಡಿಯಿತು. ಮೀನು ಕತ್ತಲಿಗೆ ಇಳಿದುಹೋಯಿತು.

ಆದರೆ ಆ ಕೆಲವು ಕ್ಷಣ ಬಾಯಿ ತೆರೆದು ಮಂಜಿನ ಮೇಲೆ ಬಿದ್ದಿದ್ದ ಮೀನನ್ನು ಕಂಡು ನನ್ನ ಸಿದ್ಧ ನೀತಿ ಮುರಿದುಬಿತ್ತು. ಅಷ್ಟೊಂದು ಅಳತೆ, ಅಷ್ಟೊಂದು ತಾಳ್ಮೆ, ಇನ್ನೊಂದು ಜೀವದ ಕಣ್ಣು, ಹಸಿವು, ಉಸಿರುಗಳ ಬಗ್ಗೆ ಅಷ್ಟೊಂದು ತಿಳಿವಳಿಕೆ! ಎಲ್ಲವೂ ಒಂದು ಗಾಳಕ್ಕಾಗಿ. ಆ ಸರೋವರದ ಮೀನುಗಳನ್ನು ಆ ಹಿರಿಯರಷ್ಟು ಬಲ್ಲವರು ಯಾರೂ ಇರಲಾರರು; ಅವುಗಳಿಗೆ ಅವರಷ್ಟು ಅಪಾಯಕಾರಿಯಾದವರೂ ಇರಲಾರರು.

ಆ ಹಿರಿಯರನ್ನು ನಾನು ದೂಷಿಸುತ್ತಿಲ್ಲ. ಸಂಜೆಯೊಳಗೆ ಸಿಕ್ಕ ಎರಡು ಸಣ್ಣ ಮೀನುಗಳನ್ನು ಅವರು ತಡಮಾಡದೆ ಕೊಂದು, ಮನೆಗೊಯ್ದು ಊಟಕ್ಕೆ ಬಳಸಿದರು. ಅವರ ಎರೆಯೂ ಸತ್ತ ಮೀನೇ. ಜೀವಂತ ಮೀನನ್ನು ಗಾಳಕ್ಕೆ ಚುಚ್ಚುವುದು ನಾರ್ವೆ, ಜರ್ಮನಿಗಳಲ್ಲಿ ನಿಷಿದ್ಧ. ಮಿನ್ನೆಸೋಟದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಪೈಕ್ ಚಳಿಗಾಲದಲ್ಲಿ ಸತ್ತ ಮೀನನ್ನೂ ತಿನ್ನುವಾಗ ಇನ್ನೊಂದು ಜೀವವನ್ನು ಗಂಟೆಗಟ್ಟಲೆ ಏಕೆ ನರಳಿಸಬೇಕು ಎಂಬುದು ಅವರ ಮಾತು. ತಾನು ವಂಚಿಸುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು; ಗೊತ್ತಿದ್ದುದರಿಂದಲೇ ವಂಚನೆಗೆ ಎಲ್ಲೆ ಹಾಕಿಕೊಂಡಿದ್ದರು. ಎಲ್ಲೆಯಿಲ್ಲದವನು ನಾನಾಗಿದ್ದೆ.

ಅದಕ್ಕೆ ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರವೊಂದರಲ್ಲಿ ಸಭಾಭವನದ ಕೆಲಸ ಹಣವಿಲ್ಲದೆ ಅರ್ಧಕ್ಕೆ ನಿಂತಿತ್ತು. ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ನಿವೃತ್ತರೊಬ್ಬರ ಮನೆಗೆ ಹೋದೆ. ಮಕ್ಕಳು ದೂರದೂರಿನಲ್ಲಿದ್ದರು. ಆ ತಾಯಿಯ ಹೆಸರನ್ನು ಆಡುವವರೇ ಇಲ್ಲವೆಂಬುದು ಅವರ ಕೊರಗೆಂದು ನನಗೆ ತಿಳಿದಿತ್ತು. ಕಟ್ಟಡದ ಮಾತನ್ನು ತಡಮಾಡಿದೆ. ಮೊದಲು ಅವರ ಕೈಯಡುಗೆಯನ್ನು ನೆನೆದೆ, ಹಾಡುತ್ತಿದ್ದ ಕಂಠವನ್ನು ನೆನೆದೆ. ಅವರ ಕಣ್ಣು ತುಂಬಿ ಬಂದಾಗ, ಅವರ ಹೆಸರು ಒಂದು ಗೋಡೆಯ ಮೇಲೆ ಉಳಿಯಬೇಕಲ್ಲವೇ ಎಂದೆ. ಅವರು ನಿರೀಕ್ಷೆಗಿಂತ ಹೆಚ್ಚಾಗಿ ಕೊಟ್ಟರು. ಭವನ ಎದ್ದಿತು. ನಾನು ಮತ್ತೆ ಅವರ ಮನೆಗೆ ಹೋಗಲಿಲ್ಲ; ಹೋಗಬೇಕಾದ ಕೆಲಸವಿರಲಿಲ್ಲ.

ಇದರಲ್ಲಿ ತಪ್ಪೇನು ಎಂದು ಓದುಗರು ಕೇಳಬಹುದು. ನಾನಾಡಿದ ಒಂದು ಮಾತೂ ಸುಳ್ಳಾಗಿರಲಿಲ್ಲ, ಹಣ ಸದುಪಯೋಗವಾಯಿತು. ಅಲ್ಲದೆ ಕೇಳುಗನ ಮನಸ್ಸನ್ನರಿತು ಮಾತನಾಡುವುದೇ ತಪ್ಪಾದರೆ ವೈದ್ಯನೂ ಶಿಕ್ಷಕನೂ ತಪ್ಪುಗಾರರೇ. ಈ ಆಕ್ಷೇಪಣೆಯನ್ನು ಬಹಳ ಕಾಲ ತೂಗಿ ನೋಡಿದ್ದೇನೆ. ನನಗೆ ದೊರೆತ ಒರೆಗಲ್ಲು ಇಷ್ಟೇ: ನಾನು ಮಾಡುತ್ತಿರುವುದನ್ನು ಎದುರಿಗಿರುವವರಿಗೆ ಬಿಚ್ಚಿ ಹೇಳಬಲ್ಲೆನೇ? ಹೇಳಿದ ಮೇಲೂ ಅದು ನಡೆಯುತ್ತದೆಯೇ? ವೈದ್ಯನು ತನ್ನ ಉದ್ದೇಶವನ್ನು ರೋಗಿಗೆ ಹೇಳಬಲ್ಲನು. ಕಹಿ ಮದ್ದಿಗೆ ಬೆಲ್ಲ ಬೆರೆಸಿದ ತಾಯಿ ನಾಳೆ ಅದನ್ನು ಮಗುವಿಗೆ ಹೇಳಿ ನಗಬಲ್ಲಳು. ಗಾಳ ಹಾಕುವವನು ಮಾತ್ರ ಮೀನಿಗೆ ಹೇಳಲಾರನು. ಅಂದು ನಾನೂ ಹೇಳಲಾರದವನಾಗಿದ್ದೆ. ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಬಳಸಬಾರದೆಂದು 1785ರಲ್ಲಿ ಜರ್ಮನಿಯ ದಾರ್ಶನಿಕ ಕಾಂಟ್ ಬರೆದದ್ದನ್ನು ಗುರುಮಠದಲ್ಲಿ ಓದಿ ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಅದರ ಅರ್ಥ ತಿಳಿಯಲು ಮಂಜುಗಡ್ಡೆಯ ಮೇಲೆ ಕೂರಬೇಕಾಯಿತು. ಗಲಿಲೇಯದ ಬೆಸ್ತರನ್ನು ಪ್ರಭು ಕರೆದಾಗ ಅವರ ಕೈಯಲ್ಲಿದ್ದದ್ದು ಬಲೆಗಳು. ಪೇತ್ರನ ಗಾಳದ ಪ್ರಸ್ತಾಪ ಶುಭಸಂದೇಶದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಎರೆಯಿಲ್ಲದ ಬಲೆ ಯಾರ ಹಸಿವಿಗೂ ಸುಳ್ಳು ಹೇಳುವುದಿಲ್ಲ ಎಂಬುದನ್ನು ಈಗೀಗ ಗಮನಿಸುತ್ತಿದ್ದೇನೆ.

ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ಫೋನು ನಮ್ಮ ಬೆರಳು ಎಲ್ಲಿ ನಿಲ್ಲುತ್ತದೆಂದು ಅಳೆದು ಅಷ್ಟೇ ಆಳಕ್ಕೆ ಎರೆಯನ್ನಿಳಿಸುತ್ತದೆ. ಅದನ್ನು ದೂರುವುದು ಸುಲಭ. ಆದರೆ ಸೀಸದ ತೂಕವಿಲ್ಲದೆಯೇ ಪರಸ್ಪರರ ಆಳ ಬಲ್ಲವರು ಒಂದೇ ಸೂರಿನ ಕೆಳಗಿರುವವರು. ಯಾವ ಮಾತಿಗೆ ಅಮ್ಮ ಸೋಲುತ್ತಾಳೆಂದು ಮಗನಿಗೆ ಗೊತ್ತು. ಯಾವ ಮೌನಕ್ಕೆ ಹೆಂಡತಿ ಹೆದರುತ್ತಾಳೆಂದು ಗಂಡನಿಗೆ ಗೊತ್ತು. ಯಾವ ಹೊಗಳಿಕೆಗೆ ಮಗಳು ತನ್ನ ಇಚ್ಛೆಯನ್ನು ಬಿಟ್ಟುಕೊಡುತ್ತಾಳೆಂದು ಅಪ್ಪನಿಗೆ ಗೊತ್ತು. ಈ ಅರಿವು ವರ್ಷಗಳ ಪ್ರೀತಿಯಿಂದಲೇ ಬಂದದ್ದು. ಅದನ್ನು ಉಣಿಸಲು ಬಳಸುತ್ತೇವೆಯೋ ಎಳೆಯಲು ಬಳಸುತ್ತೇವೆಯೋ ಎಂಬುದನ್ನು ಪ್ರತಿದಿನ ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ.

ಊರಿಗೆ ಮರಳಿದ ಮೇಲೆ ನಾನು ಆ ನಿವೃತ್ತರ ಮನೆಗೆ ಹೋದೆ. "ಏನು ಸ್ವಾಮಿ, ಮತ್ತೇನಾದರೂ ಕಟ್ಟಿಸುತ್ತಿದ್ದೀರಾ?" ಎಂದು ಕೇಳಿದರು. ಏನೂ ಇಲ್ಲವೆಂದೆ. ಆಮೇಲೆ ಅಂದು ನಾನು ನಡೆದುಕೊಂಡ ರೀತಿಯನ್ನು ಉಳಿಸದೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

"ನನಗೆ ಅಂದೇ ಗೊತ್ತಿತ್ತು ಸ್ವಾಮಿ," ಎಂದರು. "ಆದರೂ ಯಾರಾದರೊಬ್ಬರು ಅವಳ ಹೆಸರೆತ್ತಿದರಲ್ಲ ಎಂದು ಕೊಟ್ಟೆ."

ಹಸಿದ ಜೀವ ಗಾಳವನ್ನು ಕಂಡೂ ಕಚ್ಚುತ್ತದೆಂದು ಆ ಹಿರಿಯ ಮೀನುಗಾರರು ನನಗೆ ಹೇಳಿರಲಿಲ್ಲ. ಕ್ಷಮೆ ಕೇಳಿದೆ. ಅವರು ಎದ್ದು ಕಾಫಿ ಮಾಡಲು ಹೋದರು. ಒಳಗಿನಿಂದಲೇ, ಅವಳು ಕಾಫಿಗೆ ಹಾಲು ಎಷ್ಟು ಹಾಕುತ್ತಿದ್ದಳೆಂದು ಹೇಳತೊಡಗಿದರು. ನನಗೆ ಆ ದಿನ ಬೇರೆ ಕೆಲಸವಿರಲಿಲ್ಲ, ಕೇಳುತ್ತ ಕುಳಿತೆ.