ಗಾಳಿಯ ದೀಪವನ್ನು ಆರಿಸುವದನ್ನು ಕುರಿತು



ಪ್ರಸಂಗಕ್ಕೆ ಮೋಟಾರು ಕಾರಿನ ಚಕ್ರವನ್ನು ವಿಷಯವಾಗಿ ತಕ್ಕೊಂಡೆವೆಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಲಿ. ಈಗ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಕೀಲಿಗೆ ಎಣ್ಣೆ ಹಾಕಬಲ್ಲವರಿಗಿಂತ ಕಾರು ನಡಿಸಬಲ್ಲವರೇ ಹೆಚ್ಚು; ಸಾಲಮಾಡಿ ಕಾರು ಕೊಂಡು ಬಾಡಿಗೆಗೆ ಓಡಿಸುವ ಯೌವನಸ್ಥರು ಊರೂರಿಗೆ ಇದ್ದಾರೆ. ಅವರ ಕೈಯಲ್ಲಿ ನಮ್ಮೆಲ್ಲರ ಪ್ರಾಣವಿರುವದು.

ಒಂದು ಸಾರಿ ಮೂಡಿಗೆರೆಯ ಕಡೆಯ ಒಂದು ಹಳ್ಳಿಯಿಂದ ದಿನ ತುಂಬಿದ ಒಬ್ಬ ಹೆಣ್ಣುಮಗಳನ್ನು ಮಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋಗಬೇಕಾಗಿತ್ತು. ಅವಳ ಅತ್ತೆ, ಗಂಡ, ನಾವು, ಕಾರಿನವನು ಹೀಗೆ ಐದು ಜನ ಬೆಳಗಿನ ಜಾವ ಕತ್ತಲಲ್ಲೇ ಹೊರಟೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಕಾರಿನ ಹಿಂಭಾಗವು ಹೊರಗಡೆಗೆ ಎಳೆದ ಹಾಗಾಯಿತು. ಹುಡುಗನು ಮೆಲ್ಲಗೆ ಬ್ರೇಕು ಹಿಡಿದು ಗುಡ್ಡದ ಬದಿಗೆ ನಿಲ್ಲಿಸಿದನು. ಇಳಿದು ನೋಡಲು ಹಿಂದಿನ ಎಡಚಕ್ರದಲ್ಲಿ ಗಾಳಿ ಇಲ್ಲವೆಂಬಷ್ಟೇ ಇತ್ತು. ಆ ಹೆಣ್ಣುಮಗಳು ಒಂದು ಕಲ್ಲಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿದ್ದಳು. ಮಂಜಿನಲ್ಲಿ ಒಬ್ಬನು ಜಾಕಿ ಹಾಕಿದನು, ಒಬ್ಬನು ಮೊಬೈಲಿನ ಬೆಳಕು ಹಿಡಿದನು. ಸ್ಟೆಪ್ನಿಯಲ್ಲಿಯೂ ಗಾಳಿ ಅರ್ಧವೇ ಇತ್ತು. ಅದರ ಮೇಲೆಯೇ ಎತ್ತಿನ ನಡಿಗೆಯಲ್ಲಿ ಘಾಟಿ ಇಳಿದು ಉಜಿರೆಯನ್ನು ಸೇರಿದೆವು.

ಅಲ್ಲಿನ ಪಂಚರ್ ಅಂಗಡಿಯ ಮುದುಕನು ಆ ಟಯರನ್ನು ರಿಮ್ಮಿನಿಂದ ಬಿಡಿಸಿ ಒಳಗೆ ಕೈಹಾಕಿ ಒಂದು ಹಿಡಿ ಕರಿಪುಡಿಯನ್ನು ತೆಗೆದು ನಮ್ಮ ಮುಂದೆ ಹಿಡಿದನು. "ಇದು ನಿನ್ನೆ ಇವತ್ತಿನದ್ದಲ್ಲ ಮಾರಾಯ್ರೆ. ಗಾಳಿ ಕಮ್ಮಿ ಇಟ್ಟು ಬಹಳ ಓಡಿಸಿದ್ದೀರಿ. ದೀಪ ಬರಲಿಲ್ಲವಾ?" ಎಂದು ಕೇಳಿದನು. ಹುಡುಗನು ತಲೆ ತಗ್ಗಿಸಿದನು. ದೀಪವು ಬಂದಿತ್ತು. ಎರಡು ಸಾರಿ ಬಂದಿತ್ತು. ಎರಡು ಸಾರಿಯೂ ಇವನು ಸ್ಟಿಯರಿಂಗಿನ ಕೆಳಗಿನ ಗುಂಡಿಯನ್ನು ಒತ್ತಿ ಹಿಡಿದು ಅದನ್ನು ಆರಿಸಿಬಿಟ್ಟಿದ್ದನು. "ಆರಿಹೋಯಿತಲ್ಲಾ ಅಯ್ಯನವರೇ, ಸರಿಯಾಯಿತು ಅಂದುಕೊಂಡೆ" ಎಂದು ನಮಗೆ ಹೇಳಿದನು. ಮೊಳೆಯೊಂದು ಟಯರಿನಲ್ಲಿ ಹೊಕ್ಕು ಅಲ್ಲಿಯೇ ಕೂತಿತ್ತು; ಗಾಳಿಯು ದಿನಕ್ಕಿಷ್ಟು ಎಂದು ಸೋರುತ್ತಿತ್ತು.

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ತಿಳಿಯದೆ ಇದ್ದದ್ದು ಒಂದೇ ಸಂಗತಿ. ಅದನ್ನು ತಿಳಿಸುವದಕ್ಕಾಗಿಯೇ ಇದನ್ನು ಬರೆಯುತ್ತೇವೆ.

ಕುದುರೆಲಾಳದಂಥ ಗುರುತು, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ, ಹಳದಿ ಬಣ್ಣ. ಇದೇ ಗಾಳಿಯ ದೀಪ. ಇದನ್ನು ಹೊತ್ತಿಸುವ ಏರ್ಪಾಡು ಎರಡು ವಿಧವಾಗಿರುವದು. ಮೊದಲನೆಯದರಲ್ಲಿ ಪ್ರತಿ ಚಕ್ರದೊಳಗೆ, ಹೆಚ್ಚಾಗಿ ವಾಲ್ವಿಗೆ ಸೇರಿಕೊಂಡು, ಒಂದು ಚಿಕ್ಕ ಯಂತ್ರವುಂಟು; ಅದು ತನ್ನ ಸ್ವಂತ ಬ್ಯಾಟರಿಯ ಬಲದಿಂದ ಗಾಳಿಯ ಒತ್ತಡವನ್ನು ಅಳೆದು ರೇಡಿಯೋದ ಮೂಲಕ ಕಾರಿಗೆ ತಿಳಿಸುವದು. ಎರಡನೆಯದರಲ್ಲಿ ಗಾಳಿಯನ್ನು ಅಳೆಯುವ ಯಂತ್ರವೇ ಇಲ್ಲ. ಗಾಳಿ ಕಡಿಮೆಯಾದ ಚಕ್ರವು ಸ್ವಲ್ಪ ಕುಗ್ಗುವದು. ಕುಗ್ಗಿದ ಚಕ್ರವು ಅಷ್ಟೇ ದಾರಿಗೆ ಉಳಿದವುಗಳಿಗಿಂತ ತುಸು ಹೆಚ್ಚು ಸುತ್ತು ತಿರುಗಬೇಕು. ಬ್ರೇಕಿನ ಏಬಿಎಸ್ ಏರ್ಪಾಡು ಪ್ರತಿ ಚಕ್ರದ ವೇಗವನ್ನು ಹೇಗೂ ಎಣಿಸುತ್ತಿರುವದರಿಂದ, ಆ ಲೆಕ್ಕದಿಂದಲೇ ಕಾರು ಚಕ್ರದ ಕೊರತೆಯನ್ನು ಊಹಿಸುವದು. ಆ ಹುಡುಗನ ಕಾರು ಈ ಎರಡನೆಯ ವಿಧದ್ದು.

ಈಗ ಗಮನವಿಟ್ಟು ಕೇಳಿರಿ. ಇಂಥ ಕಾರಿನಲ್ಲಿ ಆ ಗುಂಡಿಯನ್ನು ಒತ್ತುವದೆಂದರೆ ದೀಪವನ್ನು ಆರಿಸುವದು ಮಾತ್ರವಲ್ಲ. "ಈಗ ಚಕ್ರಗಳು ಇರುವ ಸ್ಥಿತಿಯೇ ಸರಿಯಾದ ಸ್ಥಿತಿ, ಇನ್ನು ಮೇಲೆ ಇದನ್ನೇ ಅಳತೆಯಾಗಿ ಇಟ್ಟುಕೋ" ಎಂದು ಕಾರಿಗೆ ಕಲಿಸುವದಾಗಿದೆ. 33 ಪೌಂಡು ಇರಬೇಕಾದಲ್ಲಿ 25 ಇರುವಾಗ ಒತ್ತಿದರೆ, ಆ ಚಕ್ರಕ್ಕೆ 25 ಎಂಬದೇ ಕಾರಿಗೆ ನ್ಯಾಯವಾಗುವದು. ಅಲ್ಲಿಂದ ಇನ್ನಷ್ಟು ಬಹಳವಾಗಿ ಇಳಿಯುವ ತನಕ ಅದು ಬಾಯಿ ತೆರೆಯದು. ಎರಡನೆಯ ಸಾರಿ ಒತ್ತಿದರೆ ಅಳತೆಯು ಇನ್ನೂ ಕೆಳಗಿಳಿಯುವದು. ಘಾಟಿಯಲ್ಲಿ ಆ ದಿನ ದೀಪ ಬಾರದೆ ಹೋದದ್ದು ಯಂತ್ರದ ತಪ್ಪಲ್ಲ. ಅದು ತನಗೆ ಕಲಿಸಿದ್ದನ್ನು ಚೆನ್ನಾಗಿ ಕಲಿತಿತ್ತು. ಫರೋಹನು ಕಪ್ಪೆಗಳ ಕಾಟ ತೀರಿತೆಂದು ಕಂಡ ಕೂಡಲೆ ಹೃದಯವನ್ನು ಕಠಿಣಮಾಡಿಕೊಂಡ ಸಂಗತಿಯನ್ನು ನಾವು ಸಂಡೇಸ್ಕೂಲಿನ ಮಕ್ಕಳಿಗೆ ಎಷ್ಟೋ ಸಾರಿ ಕಲಿಸಿದ್ದೇವೆ. ಉಪಶಮನವನ್ನೇ ಗುಣವೆಂದು ಎಣಿಸುವ ಮನುಷ್ಯನು ಐಗುಪ್ತದಲ್ಲಿ ಮಾತ್ರವೇ ಇದ್ದವನಲ್ಲವೆಂದು ಉಜಿರೆಯ ಆ ಅಂಗಡಿಯ ಬೆಂಚಿನ ಮೇಲೆ ಕೂತಾಗ ನಮಗೆ ತೋಚಿತು. ನಾವೂ ಸ್ವಂತ ಮನಸ್ಸಾಕ್ಷಿಯ ಗುಂಡಿಯನ್ನು ಒತ್ತಿದವರೇ.

ಈ ದೀಪವು ಸುಮ್ಮನೆ ಅಲಂಕಾರಕ್ಕೆ ಬಂದದ್ದಲ್ಲ. ಅಮೇರಿಕದಲ್ಲಿ ಫೈರ್‌ಸ್ಟೋನ್ ಟಯರುಗಳು ಓಡುತ್ತಿರುವಾಗಲೇ ಸಿಪ್ಪೆ ಬಿಟ್ಟು, ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಉರುಳಿ ನೂರಾರು ಜನರು ಸತ್ತರು. 2000ನೆಯ ಇಸವಿ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆದರು. ಅದೇ ವರುಷ ನವೆಂಬರ್ 1ರಂದು ಅಲ್ಲಿನ ಅಧ್ಯಕ್ಷನಾದ ಬಿಲ್ ಕ್ಲಿಂಟನನು ರುಜು ಹಾಕಿದ ಕಾಯಿದೆಯಿಂದ ಈ ದೀಪದ ನಿಬಂಧನೆ ಹುಟ್ಟಿತು. ನೇಮಿಸಿದ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಕಡಿಮೆಯಾದರೆ ಎಚ್ಚರಿಸಬೇಕೆಂದು ಅಲ್ಲಿ ಗೊತ್ತುಮಾಡಿದರು. ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲಾ ಇದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರ ನಿಯಮವು, ಇಂಥ ದೀಪವೂ ಪಂಚರ್ ತಿದ್ದುವ ಸಾಮಾನೂ ಇರುವ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುವದೆಂದು ಅನುಮತಿಸಿತು. ಘಾಟಿಯ ಜನರಾದ ನಾವು ಸ್ಟೆಪ್ನಿಯನ್ನು ಬಿಡದಿರುವದೇ ಲೇಸು ಎಂಬದು ನಮ್ಮ ಅಭಿಪ್ರಾಯ, ಅದರಲ್ಲಿ ಗಾಳಿ ಇದ್ದರೆ.

ಹಾಗಾದರೆ ಆ ಗುಂಡಿಯನ್ನು ಒತ್ತಲೇ ಬಾರದೋ? ಒತ್ತಬೇಕು, ಕೆಲಸ ತೀರಿದ ಮೇಲೆ ಒತ್ತಬೇಕು. ಕಾರು ಮೂರು ತಾಸಾದರೂ ನಿಂತು ಟಯರು ತಣ್ಣಗಾಗಿರಲಿ, ಯಾಕಂದರೆ ಓಡಿ ಬಿಸಿಯಾದ ಟಯರಿನ ಗಾಳಿ ಹಿಗ್ಗಿ ಹೆಚ್ಚು ತೋರಿಸುವದು. ಎಷ್ಟು ಗಾಳಿ ಬೇಕೆಂಬದನ್ನು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ನೋಡಿರಿ. ಟಯರಿನ ಪಕ್ಕೆಯಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆಯನ್ನು ನಂಬಬೇಡಿರಿ. ಅದು ಟಯರು ತಾಳಬಲ್ಲ ಮೇರೆ, ನಿಮ್ಮ ಕಾರಿಗೆ ಬೇಕಾದ ಅಳತೆಯಲ್ಲ. ಕಣ್ಣನ್ನಂತೂ ನಂಬಲೇಬೇಡಿರಿ. ಈಗಿನ ರೇಡಿಯಲ್ ಟಯರಿನ ಪಕ್ಕೆ ಸರಿಯಾದ ಗಾಳಿಯಲ್ಲಿಯೂ ತುಸು ಉಬ್ಬಿರುವದು. ಗೇಜಿನಿಂದ ಅಳೆದು ನಾಲ್ಕನ್ನೂ ಸರಿಮಾಡಿರಿ, ಮೊಳೆ ಇದೆಯೋ ಎಂದು ತಡವಿ ನೋಡಿರಿ. ಆಮೇಲೆ ಕೀಲಿ ತಿರುಗಿಸಿ, ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಗುಂಡಿಯನ್ನು ದೀಪ ಮಿಣುಕುವ ವರೆಗೆ ಒತ್ತಿ ಹಿಡಿಯಿರಿ. ಕೆಲವು ಕಾರುಗಳಲ್ಲಿ ಇದು ಪರದೆಯ ಪಟ್ಟಿಯಲ್ಲಿ ಇರುವದು. ಬಳಿಕ ಸ್ವಲ್ಪ ದೂರ ಓಡಿಸಬೇಕು, ಹೊಸ ಅಳತೆಯನ್ನು ಅದು ಓಡುತ್ತಲೇ ಕಲಿಯುವದು. ಚಕ್ರಗಳನ್ನು ಅದಲುಬದಲು ಮಾಡಿದಾಗಲೂ ಹೊಸ ಟಯರು ಹಾಕಿದಾಗಲೂ ಹೀಗೆಯೇ. ಚಕ್ರದೊಳಗೆ ಯಂತ್ರವಿರುವ ಮೊದಲನೆಯ ವಿಧದಲ್ಲಿ ಗಾಳಿ ತುಂಬಿಸಿ ಸ್ವಲ್ಪ ಓಡಿಸಿದರೆ ದೀಪವು ಬಹುಮಟ್ಟಿಗೆ ತಾನೇ ಆರುವದು.

ದೀಪವು ಒಂದು ನಿಮಿಷದಷ್ಟು ಮಿಣುಕಿ ಅನಂತರ ಸ್ಥಿರವಾಗಿ ನಿಂತರೆ ಕೊರತೆಯು ಗಾಳಿಯಲ್ಲಿ ಅಲ್ಲ, ಏರ್ಪಾಡಿನಲ್ಲಿಯೇ. ಒಳಗಿನ ಯಂತ್ರದ ಬ್ಯಾಟರಿ ಮುಗಿದಿದ್ದರೂ ಹೀಗಾಗುವದು. ಅದಕ್ಕೆ ಗುಂಡಿ ಒತ್ತಿ ಪ್ರಯೋಜನವಿಲ್ಲ, ಬಲ್ಲವರಿಗೆ ತೋರಿಸಿರಿ.

ಆ ಹೆಣ್ಣುಮಗಳು ಅದೇ ಸಾಯಂಕಾಲ ಮಗನನ್ನು ಹೆತ್ತಳು, ಇಬ್ಬರೂ ಕ್ಷೇಮ. ಕಾರಿನ ಹುಡುಗನು ಹೊಸ ಟಯರಿಗೆ ಸಾಲ ಮಾಡಿದನು, ಒಂದು ಗೇಜನ್ನೂ ಕೊಂಡನು. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಅವನ ಕಾರಿನಲ್ಲಿಯೇ ನಾವು ಹೊರಟಾಗ ಆ ಹಳದಿ ದೀಪವು ಮತ್ತೆ ಹೊತ್ತಿತು. ಚಳಿಗೆ ಗಾಳಿ ಕುಗ್ಗುವದುಂಟು, ಐದಾರು ಡಿಗ್ರಿ ಇಳಿದರೆ ಒಂದು ಪೌಂಡಿನಷ್ಟು. ಆದದರಿಂದ, "ಚಳಿ ಇರಬೇಕು, ನಡೆ, ತಡವಾಯಿತು" ಎಂದು ನಾವೇ ಅಂದೆವು. ಅವನು ಒಪ್ಪಲಿಲ್ಲ. "ಇರಲಿ ಅಯ್ಯನವರೇ, ಐದು ನಿಮಿಷ" ಎಂದು ಹೇಳಿ, ಮಂಜು ಸುರಿಯುತ್ತಿದ್ದ ರಸ್ತೆಯಲ್ಲಿ ಮೊಣಕಾಲೂರಿ ಒಂದೊಂದೇ ಚಕ್ರದ ಮುಚ್ಚಳ ಬಿಚ್ಚತೊಡಗಿದನು.